ವೇಳೆ ಕೇಳದ ದೇವರು

ಮೊಣಕಾಲೂರಿ ಕಣ್ಣು ಮುಚ್ಚಿದ್ದೇ ತಡ, ಪಕ್ಕದ ಮನೆಯ ಹನಮವ್ವ ಓಣಿಗೆಲ್ಲ ಕೇಳುವಂತೆ, 'ನಳಾ ಬಂದಾವ್ರೆವ್ವಾ, ಏಳ್ರಿ' ಎಂದು ಕೂಗಿದಳು. ಎಲೀಷನಿಗೆ ಮೊದಲು ಆದದ್ದು ಸಮಾಧಾನ. ಯಾರೋ ಬಂದು ಬಿಡಿಸಿದರೆನ್ನುವಂಥ ಸಮಾಧಾನ. ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸಿ ಮುಖ ನೋಡಬಹುದಾಗಿತ್ತು. ನೋಡದೆ ಎದ್ದು ಎರಡು ಕೊಡ ಎತ್ತಿಕೊಂಡು ಹಿತ್ತಲಿಗೆ ನಡೆದ. ಬೆಟಗೇರಿಯಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಅದೂ ಖಾತ್ರಿಯಿಲ್ಲ. ಬಂದ ನೀರನ್ನು ಬಿಟ್ಟು ದೇವರ ಮುಂದೆ ಕೂತರೆ ರಾಹೇಲ ಒಬ್ಬಳೇ ಎಷ್ಟು ಕೊಡ ಹೊತ್ತಾಳು ಎಂದು ತನಗೆ ತಾನೇ ಹೇಳಿಕೊಂಡ. ಹೆಂಡತಿಯ ಮೇಲೆ ಅವನಿಗೆ ಇಷ್ಟು ಕರುಣೆ ಬೇರೆ ಹೊತ್ತಿನಲ್ಲಿ ಬರುತ್ತಿರಲಿಲ್ಲ. ನಿನ್ನೆ ನೀರು ಬಂದಿರಲಿಲ್ಲ. ನಿನ್ನೆ ಏನು ಅಡ್ಡ ಬಂದಿತ್ತು? ನಿನ್ನೆ ನಿದ್ದೆ ಬಂದಿತ್ತು. ಕೊಡ ತುಂಬುತ್ತಿದ್ದಾಗ ರಾಹೇಲ ಅವನ ಪ್ಯಾಂಟಿನ ಮೊಣಕಾಲ ಕಡೆ ನೋಡಿದಳೋ, ನೀರಿನ ಕಡೆ ನೋಡಿದಳೋ. 'ಕುಂತಿದ್ರೇನು? ನಾ ತುಂಬತಿದ್ನೆಲ್ಲ, ಎದ್ದು ಯಾಕ ಬಂದ್ರಿ' ಎಂದಳು. ಅವನು ತುಂಬಿದ ಕೊಡ ಎತ್ತಿಕೊಂಡು ಒಳಗೆ ನಡೆದ.

ಕಳೆದ ಭಾನುವಾರ, ಈಸ್ಟರ್ ಮುಗಿದ ಮರುವಾರ, ಚರ್ಚಿನಲ್ಲಿ ಸಭಾಪಾಲಕರು ಪ್ರಸಂಗದ ಕೊನೆಗೆ ಕನ್ನಡಕ ತೆಗೆದು, ದಿನಕ್ಕೆ ಒಂದಿಷ್ಟು ವೇಳೆ ದೇವರಿಗೇ ಎಂದು ಬೇರೆ ತೆಗೆದಿಡುತ್ತೇನೆನ್ನುವವರು ಎದ್ದು ನಿಲ್ಲಿರಿ ಎಂದಿದ್ದರು. ಉಳಿದದ್ದು ಕೊಡುವುದಲ್ಲ, ತೆಗೆದಿಡುವುದು, ಎಂದು ಒತ್ತಿ ಹೇಳಿದ್ದರು. ಎಲೀಷ ಸಭೆಯ ಕಮಿಟಿಯಲ್ಲಿದ್ದವನು, ಮುಂದಿನ ಬೆಂಚಿನವನು. ಎಲ್ಲರಿಗಿಂತ ಮೊದಲು ಎದ್ದ. ಬೆನ್ನ ಹಿಂದೆ ಬೆಂಚುಗಳು ಕಿರುಗುಟ್ಟಿ ಒಬ್ಬೊಬ್ಬರೇ ಏಳುತ್ತಿದ್ದಾಗ, ತಾನು ಎದ್ದದ್ದರಿಂದಲೇ ಅವರೂ ಎದ್ದರೆಂಬ ಒಂದು ಸುಖ ಎದೆಯಲ್ಲಿ ಆಡಿತು. ಆ ಸುಖಕ್ಕೆ ನಾಚಿಕೆಯಾಯಿತು. ನಾಚಿಕೆಪಡುವಷ್ಟು ಸೂಕ್ಷ್ಮ ತನ್ನಲ್ಲಿದೆಯೆಂದು ಮತ್ತೊಮ್ಮೆ ಸುಖವಾಯಿತು. ಹೆಂಗಸರ ಕಡೆ ಕೂತಿದ್ದ ರಾಹೇಲ ಎದ್ದಿರಲಿಲ್ಲ. ಮನೆಗೆ ಬರುವಾಗ ಯಾಕೆಂದು ಕೇಳಿದರೆ, 'ನನಗ ಆಗಂಗಿಲ್ಲ ಬಿಡ್ರಿ, ಆಗ್ತೈತಿ ಅಂತ ಸುಳ್ಳು ಯಾಕ ಹೇಳ್ಲಿ' ಎಂದಿದ್ದಳು. ಅವಳು ಚುಚ್ಚಲೆಂದು ಹೇಳಿದ ಮಾತಲ್ಲ. ಅದಕ್ಕೇ ಚುಚ್ಚಿತ್ತು.

ಗದಗ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವನ ಕಚೇರಿಗೆ ಸ್ವಂತ ಕಟ್ಟಡವಿಲ್ಲದೆ, ಗದಗಿಗೂ ಬೆಟಗೇರಿಗೂ ನಡುವೆ ನಿಂತುಹೋದ ಅರಳೆ ಗಿರಣಿಯೊಂದರ ಗೋದಾಮನ್ನು ಬಾಡಿಗೆಗೆ ಹಿಡಿದು ತಗಡಿನ ಅಡ್ಡಗೋಡೆ ನಿಲ್ಲಿಸಿದ್ದರು. ಫ್ಯಾನು ಹಾಕಿದರೆ ಎಲ್ಲಿಂದಲೋ ಹಳೆಯ ಅರಳೆಯ ಎಳೆ ಎದ್ದು ಬಂದು ಹುಬ್ಬಿನ ಮೇಲೆ ಕೂಡುತ್ತಿತ್ತು. ಧಾರವಾಡದಿಂದ ಲಾರಿಯಲ್ಲಿ ಬಂದ ಕಡತಗಳು ಹಿಂದಿನ ದೊಡ್ಡ ಕೋಣೆಯಲ್ಲಿ ಗಂಟುಗಂಟಾಗಿ ಬಿದ್ದಿದ್ದವು. ಅವನ್ನು ತಾಲೂಕುವಾರು ಬೇರೆ ಮಾಡಬೇಕಿತ್ತು: ಶಿರಹಟ್ಟಿಯದು ಇತ್ತ, ಮುಂಡರಗಿಯದು ಅತ್ತ. ನೀರು ಬಂದ ದಿನವೇ ಬೆಳಿಗ್ಗೆ ಕಚೇರಿಯ ಮುಖ್ಯಸ್ಥ ಚನ್ನಬಸವಣ್ಣ ಸಾಹೇಬರು ಎಲ್ಲರನ್ನೂ ತಮ್ಮ ಮೇಜಿನ ಸುತ್ತ ನಿಲ್ಲಿಸಿಕೊಂಡರು. ಹಣೆಯ ಮೇಲಿನ ವಿಭೂತಿ ಬೆವರಿಗೆ ಕರಗುತ್ತಿತ್ತು. ಸಿಟ್ಟಿನ ಮನುಷ್ಯನಲ್ಲ, ಆದರೆ ಮೇಲಿನವರ ಹೆದರಿಕೆ ಬಹಳ.

'ಈ ಕೆಲಸಾ ಮುಗಿಯೂತನಕ ಯಾರೂ ನಡುವ ಎದ್ದು ಹೊರಗ ಹೋಗೂದಿಲ್ಲ. ಮ್ಯಾಲಿನ ಸಾಹೇಬರು ಯಾವಾಗರ ಬಂದು ನಿಂದರಬಹುದು. ಬುತ್ತಿ ಇಲ್ಲೇ ಉಣ್ರಿ.'

ಟೈಪಿಸ್ಟ್ ಕುತುಬುದ್ದೀನ ಕೆಮ್ಮಿದ. 'ಸರ್, ಶುಕ್ರವಾರ ಒಂದಿನಾ ನನಗ ನಮಾಜಿಗೆ ಬಿಡಬೇಕ್ರಿ. ಜಲ್ದಿ ಬರ್ತೀನಿ.'

'ಒಬ್ಬರಿಗೆ ಬಿಟ್ರ ಎಲ್ಲಾರಿಗೂ ಬಿಡಬೇಕಾಗ್ತೈತಿ.' ಸಾಹೇಬರ ಕಣ್ಣು ಸಾಲಿನ ಮೇಲೆ ಹರಿದು ಎಲೀಷನ ಮೇಲೆ ನಿಂತಿತು. 'ಏನ್ರಿ ಇಲಿಯಾಸ, ನೀವೂ ಹೋಗಾವ್ರೇನು?'

'ಇಲಿಯಾಸ ಅಲ್ರಿ ಸರ್, ಎಲೀಷ. ನಾವು ಕ್ರಿಶ್ಚನ್ನರ್ರಿ.' ಎಷ್ಟು ಅವಸರದಿಂದ ಹೇಳಿದನೆಂದರೆ ಹಿಂದೆ ಯಾರೋ ನಕ್ಕರು. ಪಕ್ಕದಲ್ಲಿ ಕುತುಬುದ್ದೀನ ನಿಂತಿದ್ದಾನೆಂಬುದು ಹೇಳಿದ ಮೇಲೆ ನೆನಪಾಯಿತು.

'ಹೌದಲ್ಲ, ಮರತೆ. ನಿಮ್ಮದರಾಗ ಹೆಂಗ? ನಿಮಗೂ ಹಿಂಗ ಹೊತ್ತು ಗೊತ್ತು ಅದಾವೇನು?'

ಭಾನುವಾರ ಎದ್ದು ನಿಂತ ಬೆಂಚು ಕಣ್ಣ ಮುಂದೆ ಬಂತು. ಬಂದದ್ದೇ ಅದನ್ನು ಸರಿಸುವ ಮಾತು ಬಾಯಿಂದ ಹೊರಟಿತು. 'ನಮಗ ಹಂಗೇನಿಲ್ರಿ ಸರ್. ನಮ್ಮ ದೇವರು ಟೈಮ್ ಕೇಳಂಗಿಲ್ರಿ. ಎಲ್ಲೆ ಕುಂತ್ರೂ ಮನಸಿನ್ಯಾಗ ನಡೀತೈತಿ.'

ಸಾಹೇಬರ ಮುಖ ಅರಳಿತು. 'ನೋಡ್ರಿ ಕುತುಬುದ್ದೀನ, ಹಿಂಗಿರಬೇಕು. ನಾನೂ ಅಷ್ಟ, ನಸುಕಿನ್ಯಾಗ ಎದ್ದು ಪೂಜಿ ಮುಗಿಸಿ ಬರ್ತೀನಿ. ಆಫೀಸಿಗೆ ಹೊತಗೊಂಡು ಬರಂಗಿಲ್ಲ.'

ಕುತುಬುದ್ದೀನ ಹೋಗಿ ಟೈಪ್ ಯಂತ್ರದ ಮುಂದೆ ಕೂತ. ಇಡೀ ಬೆಳಿಗ್ಗೆ ಅದು ಎಂದಿಗಿಂತ ಜೋರಾಗಿ ಸದ್ದು ಮಾಡಿತೋ, ಎಲೀಷನ ಕಿವಿಗೆ ಹಾಗೆ ಕೇಳಿತೋ. ಮಧ್ಯಾಹ್ನ ಕೈ ತೊಳೆಯುವಾಗ ಮಾತ್ರ, 'ಅರಾಮ ಐತಿ ಬಿಡ್ರಿ ನಿಮ್ಮದು. ನಮ್ಮಾಂವ ಭಾಳ ಕೇಳ್ತಾನ' ಎಂದು ನಕ್ಕ. ಎಲೀಷನೂ ನಕ್ಕ. ಹೀಗೆ ನಗುವುದು ಅವನಿಗೆ ಹೊಸದಲ್ಲ. ಅಪ್ಪ ದೇವಪ್ಪ ಮಿಷನ್ ದವಾಖಾನೆಯಲ್ಲಿ ಔಷಧ ಕಟ್ಟಿಕೊಡುತ್ತಿದ್ದವನು. ನಸುಕಿನಲ್ಲಿ ಕಂಬಳಿ ಹೊದ್ದು ಮಂಚದ ಬದಿಗೆ ಮೊಣಕಾಲೂರಿ, ಸಂತೆಯಲ್ಲಿ ಚೌಕಾಸಿ ಮಾಡುವವನ ಹಾಗೆ ದೇವರೊಡನೆ ಗೊಣಗುತ್ತಿದ್ದ. ಒಮ್ಮೆ ಕಿಟಕಿಯಿಂದ ನೋಡಿದ ಓಣಿಯ ಹುಡುಗರು ಶಾಲೆಯ ಅಂಗಳದಲ್ಲಿ ಗೋಣಿಚೀಲ ಹೊದ್ದು ಅದನ್ನೇ ಆಡಿ ತೋರಿಸಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಎಲೀಷ. ನಗದಿದ್ದರೆ ಅದು ತನ್ನ ಅಪ್ಪನೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು ಎಂದುಕೊಂಡಿದ್ದ, ಎಲ್ಲರಿಗೂ ಗೊತ್ತಿದ್ದಾಗಲೂ.

ಮರುದಿನ ಅವನು ಮನೆಯಿಂದ ಬುತ್ತಿಯ ಚೀಲದಲ್ಲಿ ಹಳೆಯ ಚಾದರದ ಅರ್ಧ ಹರಿದು ಮಡಚಿ ತಂದ. ಮನೆಯಲ್ಲಿ ವೇಳೆ ಇಲ್ಲ, ಸರಿ. ಕಚೇರಿಯಲ್ಲಿ ಊಟದ ಹೊತ್ತು ಯಾರದು? ಕಡತಗಳ ಕೋಣೆಗೆ ಒಳಗಿನಿಂದ ಚಿಲಕವಿತ್ತು. ಹಿಂದೆ, ಗಿರಣಿಯ ಅಂಗಳಕ್ಕೆ ತೆರೆಯುವ ಇನ್ನೊಂದು ಸಣ್ಣ ಬಾಗಿಲೂ ಇತ್ತು. ಎರಡು ರೊಟ್ಟಿ ಅವಸರದಲ್ಲಿ ನುಂಗಿ ಒಳಗೆ ಹೋಗಿ ಚಿಲಕ ಹಾಕಿ, ಮುಂಡರಗಿಯ ಗಂಟುಗಳ ಹಿಂದೆ ಚಾದರ ಹಾಸಿ ಮೊಣಕಾಲೂರಿದ. ಪಕ್ಕದಲ್ಲಿ ಒಂದು ಕಡತವನ್ನು ಬಿಚ್ಚಿ ಇಟ್ಟುಕೊಂಡ, ಯಾರಾದರೂ ಬಡಿದರೆ ಇರಲಿ ಎಂದು. ದೇವರ ಮುಂದೆ ಕೂತವನು ಬಾಗಿಲ ಸದ್ದಿಗೆ ಕಿವಿಗೊಟ್ಟು ಕೂತ. ಆದರೂ ಎರಡನೆಯ ದಿನ ಒಂದು ಗಳಿಗೆ, ಕಡತಗಳ ಧೂಳಿನ ವಾಸನೆಯ ನಡುವೆ, ತಾನು ಯಾರಿಗೋ ಕಾಣಿಸುತ್ತಿದ್ದೇನೆ ಎಂಬ ಅನುಭವ ಬಂದುಹೋಯಿತು. ಬಂದದ್ದನ್ನು ಇರಗೊಡದೆ, ಇದನ್ನು ಸಭೆಯಲ್ಲಿ ದೇವರ ಅನುಭವದ ಸಾಕ್ಷಿಯಾಗಿ ಹೇಗೆ ಹೇಳಬೇಕೆಂದು ಮನಸ್ಸು ಆಗಲೇ ವಾಕ್ಯ ಜೋಡಿಸತೊಡಗಿತ್ತು. ಸಂಜೆ ರಾಹೇಲ ಕೇಳಿದಳು, 'ವೇಳೆ ಸಿಕ್ತೇನ್ರಿ?' 'ಸಿಕ್ತು' ಎಂದ. ಎಲ್ಲಿ ಎಂದು ಅವಳು ಕೇಳಲಿಲ್ಲ. ಅವಳು ನಂಬಿದ ರೀತಿಗೆ ಅವನಿಗೆ ಸಿಟ್ಟು ಬಂತು.

ಶುಕ್ರವಾರ ಊಟದ ಹೊತ್ತಿಗೆ ಕುತುಬುದ್ದೀನ ಯಂತ್ರಕ್ಕೆ ಬಟ್ಟೆ ಹೊದಿಸಿ ಎಲೀಷನ ಮೇಜಿಗೆ ಬಂದ. ಸಾಹೇಬರು ಊಟಕ್ಕೆ ಮನೆಗೆ ಹೋಗಿದ್ದರು. 'ಇಲ್ಲೇ ಸಮೀಪದ ಮಸೂತಿಗೆ ಹೋಗಿ ಬಂದ್ಬಿಡ್ತೀನ್ರಿ. ಯಾರರ ಕೇಳಿದ್ರ ಚಹಾಕ್ಕ ಹೋಗ್ಯಾನಂತ ಹೇಳ್ರಿ. ಈ ಬಾಗಲಾ ಬಿಟ್ಟು ಏಳಬ್ಯಾಡ್ರಿ ಮತ್ತ.' 'ಹೋಗಿ ಬರ್ರಿ, ನಾ ಇರ್ತೀನಿ' ಎಂದ ಎಲೀಷ, ಮನಸ್ಸಿನಿಂದಲೇ. ಹೀಗೆ ಒಬ್ಬನಿಗೆ ಆಸರೆಯಾಗುವುದು ಹಿತವೆನಿಸಿತು. ಮೊನ್ನೆಯ ಮಾತಿಗೆ ಇದು ಪರಿಹಾರವಾಯಿತು ಎನಿಸಿತು. ಕುತುಬುದ್ದೀನ ಹೋದ ಮೇಲೆ ಸ್ವಲ್ಪ ಹೊತ್ತು ಕೂತ. ಜವಾನ ಮಾಶಾಕ ಬಾಗಿಲ ಬಳಿ ತೂಕಡಿಸುತ್ತಿದ್ದ. ತನ್ನ ವೇಳೆ ಮೀರುತ್ತಿತ್ತು. ಒಂದು ದಿನ ತಪ್ಪಿದರೆ ಎಲ್ಲವೂ ತಪ್ಪುತ್ತದೆ ಎಂದು ಸಭಾಪಾಲಕರು ಹೇಳಿರಲಿಲ್ಲವೇ? ಎದ್ದು ಒಳಗೆ ಹೋಗಿ ಚಿಲಕ ಹಾಕಿದ.

ಜೀಪಿನ ಸದ್ದು ಕೇಳಿದ್ದು ಅವನು ಹಣೆಯನ್ನು ಕೈಗಳ ಮೇಲೆ ಇಟ್ಟಿದ್ದಾಗ. ಆಮೇಲೆ ಅಪರಿಚಿತ ದಪ್ಪ ದನಿ, ಹಿಂದಿನಿಂದಲೇ ಚನ್ನಬಸವಣ್ಣ ಸಾಹೇಬರ ಓಡುವಂಥ ದನಿ. ಮೇಲಿನ ಸಾಹೇಬರಿಗೆ ಶಿರಹಟ್ಟಿಯ ಒಂದು ಕಡತ ಬೇಕಾಗಿತ್ತು. ಯಾರೋ ಬಾಗಿಲು ದೂಡಿದರು. 'ಯಾರದೀರಿ ಒಳಗ? ತಗೀರಿ.' ತೆರೆಯಬಹುದಾಗಿತ್ತು. ತೆರೆದು, ಕಡತ ಹುಡುಕುತ್ತಿದ್ದೆ ಎಂದಿದ್ದರೆ ಯಾರೂ ಮರುಮಾತಾಡುತ್ತಿರಲಿಲ್ಲ. ಅದಕ್ಕೆಂದೇ ಬಿಚ್ಚಿಟ್ಟ ಕಡತ ಕಾಲಬಳಿಯೇ ಇತ್ತು. ಆಮೇಲೆ ಎಷ್ಟೋ ಸಲ ಇದನ್ನು ಯೋಚಿಸಿದ. ಮೊಣಕಾಲೂರಿದವನು ಸಿಕ್ಕಿಬೀಳುವುದೆಂಬ ಒಂದು ಹಳೆಯ ಭಯ ಯೋಚನೆಗಿಂತ ಮೊದಲೇ ಮೈಯನ್ನು ಎಬ್ಬಿಸಿ ನಡೆಸಿತು. ಹಿಂದಿನ ಸಣ್ಣ ಬಾಗಿಲಿಂದ ಅಂಗಳಕ್ಕೆ ಬಿದ್ದ. ಬಿಸಿಲು ಕಣ್ಣಿಗೆ ಹೊಡೆಯಿತು. ಗೋಡೆಯ ಬದಿಯಿಂದ ಸುತ್ತು ಹಾಕಿ, ಮೂತ್ರಖಾನೆಯ ನಲ್ಲಿಯ ಬಳಿ ನಿಂತು, ಅಲ್ಲಿ ಇಟ್ಟಿದ್ದ ಡಬ್ಬಿಯ ನೀರಲ್ಲಿ ಕೈ ತೋಯಿಸಿ, ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತ ಮುಂಬಾಗಿಲಿಂದ ಒಳಗೆ ಬಂದ. ಆ ಒರೆಸಿಕೊಳ್ಳುವಿಕೆಯಲ್ಲಿ ಏನೊಂದೂ ತಪ್ಪಿರಲಿಲ್ಲ. ತಾನು ಇಷ್ಟು ಚೆನ್ನಾಗಿ ನಟಿಸಬಲ್ಲೆನೆಂದು ಅವನಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮಾಶಾಕ ಹಿಂದಿನ ಬಾಗಿಲಿಂದ ಹೋಗಿ ಚಿಲಕ ತೆಗೆದಿದ್ದ. ಅವನ ಕೈಯಲ್ಲಿ ಹೂವಿನ ಚಾದರ ಜೋತಾಡುತ್ತಿತ್ತು. ಮೇಲಿನ ಸಾಹೇಬರು ಅದನ್ನೂ ಚನ್ನಬಸವಣ್ಣನವರನ್ನೂ ನೋಡಿ, 'ಏನ್ರಿ ಇದು? ಆಫೀಸೋ, ಮಲಗೂ ಮನಿಯೋ?' ಎಂದಷ್ಟೇ ಹೇಳಿ, ಕಡತ ಹಿಡಿದು ಜೀಪು ಹತ್ತಿದರು. ಚನ್ನಬಸವಣ್ಣನವರ ಮುಖ ಸುಟ್ಟ ಹಾಗಾಗಿತ್ತು. ಅದೇ ಗಳಿಗೆಗೆ, ಟೊಪ್ಪಿಗೆ ಮಡಚಿ ಕಿಸೆಗೆ ತುರುಕುತ್ತ, ಇನ್ನೂ ಮುಖದ ಮೇಲೆ ನೀರಿನ ತಂಪಿದ್ದ ಕುತುಬುದ್ದೀನ ಒಳಗೆ ಬಂದ.

'ಬರ್ರಿ. ಒಳಗ ಚಿಲಕಾ ಹಾಕ್ಕೊಂಡು ನಮಾಜ ಮಾಡಿ, ನಾವು ಬಡಿಯೂದು ಕೇಳಿ ಹಿಂದಿನ ಬಾಗಲದಿಂದ ಓಡಿ ಹೋದ್ರೇನು? ಇದೇನು ಆಫೀಸೋ, ಮಸೂತಿಯೋ?'

'ಆ ಅರಿವಿ ನಂದಲ್ರಿ ಸರ್. ಒಳಗ ನಾ ಹೋಗೇ ಇಲ್ಲ. ಮಸೂತಿಗೆ ಹೋಗಿದ್ದೆ.'

'ಯಾರನ್ನ ಕೇಳಿ ಹೋಗಿದ್ರಿ?'

 ತಾನು ಒಳಗಿರಲಿಲ್ಲವೆಂದು ತೋರಿಸಲು ಕುತುಬುದ್ದೀನನಿಗಿದ್ದ ಸಾಕ್ಷಿಯೇ ಅವನ ಇನ್ನೊಂದು ತಪ್ಪಾಗಿತ್ತು. ಅವನ ಕಣ್ಣು ಎಲೀಷನ ಕಡೆ ತಿರುಗಿತು. ಚಾದರದ ಕಡೆ ಹೋಯಿತು. ಮತ್ತೆ ಬಂತು. ಅವನ ಮೇಜಿದ್ದದ್ದು ಆ ಕೋಣೆಯ ಬಾಗಿಲಿಗೆ ಹತ್ತಿಕೊಂಡು. ದಿನಾ ಊಟದ ಹೊತ್ತಿಗೆ ಯಾರು ಒಳಗೆ ಹೋಗುತ್ತಾರೆ, ಯಾವಾಗ ಚಿಲಕ ಬೀಳುತ್ತದೆ ಎಂಬುದು ಅವನಿಗೆ ಕೇಳಿಸದಿರಲು ಸಾಧ್ಯವೇ ಇರಲಿಲ್ಲ. ಎಲೀಷನಿಗೆ ಇದು ಹೊಳೆದದ್ದು ಆಗ.

'ಎಲೀಷ, ನೀವು ಇಲ್ಲೇ ಇದ್ರಿ. ನಿಮಗೇನರ ಗೊತ್ತೈತೇನು?'

'ನಾ ಕೈಕಾಲ ತೊಳಿಯಾಕ ಹೊರಗ ಹೋಗಿದ್ನಿರಿ ಸರ್.'

ಮಾತು ನಿಜವೇ. ಕೈ ಇನ್ನೂ ಒದ್ದೆಯಾಗಿತ್ತು. ಕುತುಬುದ್ದೀನ ಮುಖ ತಿರುಗಿಸಿಕೊಂಡ. ಯಾರದೋ ಮನೆಯೊಳಗೆ ಅರಿಯದೆ ಇಣುಕಿ, ನೋಡಬಾರದ್ದನ್ನು ನೋಡಿದವನ ಹಾಗೆ ತಿರುಗಿಸಿಕೊಂಡ. ಅವನು ಬಾಯಿಬಿಟ್ಟು ಕೂಗಾಡಿದ್ದರೆ ತಾನು ಬದುಕಿಕೊಳ್ಳಬಹುದಾಗಿತ್ತು ಎಂದು ಎಲೀಷನಿಗೆ ಅನಿಸಿತು. ಸಂಜೆಯೊಳಗೆ ಕುತುಬುದ್ದೀನನನ್ನು ಮುಂಡರಗಿಯ ಶಾಖೆಗೆ ಹಾಕಿದ ಆದೇಶವಾಯಿತು. ಅದನ್ನು ಅವನ ಕೈಯಲ್ಲೇ ಟೈಪು ಮಾಡಿಸಿದರು.

ಶನಿವಾರ ಮನೆಯಲ್ಲಿ ರಾಹೇಲ ಆ ಚಾದರದ ಇನ್ನರ್ಧವನ್ನು ಮೇಜಿನ ಮೇಲೆ ಹಾಸಿ ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಎಲೀಷ ಅವಳ ಎದುರು ಕೂತು ಎಲ್ಲವನ್ನೂ ಹೇಳಿದ. ಹೇಳುವಾಗ ತನ್ನ ಭಯವನ್ನು ಸ್ವಲ್ಪ ಹೆಚ್ಚು, ತನ್ನ ಸುಳ್ಳನ್ನು ಸ್ವಲ್ಪ ಕಡಿಮೆ ಮಾಡಿದ. ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟು, 'ನನಗ ಯಾಕ ಹೇಳಾಕತ್ತೀರಿ? ಹೇಳೂದು ಅಲ್ಲಿ' ಎಂದಳು.  ಅಂಗಿಯನ್ನು ಮಡಚಿ ಅವನ ಕೈಗಿತ್ತಳು.

ಸೋಮವಾರ ಸಾಹೇಬರ ಮುಂದೆ ನಿಂತಾಗ, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಪೀಠಿಕೆಯೆಲ್ಲ ಹಾರಿಹೋಗಿ, 'ಸರ್, ಆ ಚಾದರ ನಂದ್ರಿ. ಒಳಗ ಚಿಲಕಾ ಹಾಕ್ಕೊಂಡಾಂವ ನಾನ' ಎಂಬಷ್ಟೇ ಉಳಿಯಿತು. ಮಾಶಾಕ ಚಹಾ ಇಡುತ್ತಿದ್ದ. ಸಾಹೇಬರು ತಲೆಯೆತ್ತಿ ಅವನನ್ನೇ ನೋಡಿದರು. ಆಮೇಲೆ ಅವರ ಮುಖದ ಮೇಲೆ ಮೆಲ್ಲಗೆ ಒಂದು ಪ್ರೀತಿ ಮೂಡಿತು. ಎಲೀಷ ನಿರೀಕ್ಷಿಸಿದ್ದ ಯಾವುದಕ್ಕಿಂತಲೂ ಅದು ಭಯಂಕರವಾಗಿತ್ತು.

'ನೀವು ಇಂಥಾವ್ರಂತ ನನಗ ಗೊತ್ತಿತ್ತು. ಇನ್ನೊಬ್ಬರ ತಪ್ಪು ಮೈಮ್ಯಾಲೆ ತಗೊಳ್ಳೂದು ನಿಮ್ಮ ಧರ್ಮದಾಗ ಐತಿ, ಅಲ್ಲಾ?'

'ಇಲ್ರಿ ಸರ್, ಖರೇನ ನಂದು. ಅದರ ಇನ್ನರ್ಧ ಮನ್ಯಾಗೈತಿ, ತಂದು ತೋರಸ್ತೀನಿ. ನಾ ಪ್ರಾರ್ಥನಾ ಮಾಡಾಕ ಹೋಗಿದ್ದೆ.'

'ಬಿಡ್ರಿ ಎಲೀಷ. ನೀವ ಅಂದೀರಿ, ನಿಮ್ಮ ದೇವರು ಟೈಮ್ ಕೇಳಂಗಿಲ್ಲಂತ. ಎಲ್ಲಾರೂ ಕೇಳ್ಯಾರ. ಮತ್ತ ಚಿಲಕಾ ಹಾಕ್ಕೊಂಡು ಕುಂಡ್ರೂ ಜರೂರು ನಿಮಗ್ಯಾಕ? ಅಂವನ್ನ ಉಳಸಾಕ ಹೇಳಾಕತ್ತೀರಿ. ನಿಮ್ಮ ಮನಸು ದೊಡ್ಡದು. ಹೋಗ್ರಿ, ಕೆಲಸಾ ನೋಡ್ರಿ.'

ಹೊರಗೆ ಬಂದ. ಎದೆ ಹಗುರಾಗಿತ್ತು. ಹೇಳುವುದನ್ನು ಹೇಳಿಯಾಯಿತು, ನಂಬದಿದ್ದರೆ ತಾನೇನು ಮಾಡಬೇಕು ಎಂದು ಮೇಜಿಗೆ ಬಂದು ಕೂತು ಪೆನ್ನಿನ ಟೊಪ್ಪಿಗೆ ತೆಗೆದ. ಆಗ ಆ ಹಗುರಾದ ಎದೆಯ ಒಳಗಿಂದಲೇ ಅಸಹ್ಯವೆದ್ದಿತು. ನಂಬುವವರೆಗೆ ಹೇಳಲಿಲ್ಲ ತಾನು. ನಂಬದಿರಲಿ ಎಂದು ಹೇಳಿದವನ ಹಾಗೆ, ಮೊದಲ ತಡೆಗೇ ಹಿಂದಿರುಗಿ ಬಂದಿದ್ದ.

ಮಾಶಾಕನ ಬಾಯಿಂದ ಸುದ್ದಿ ಹಬ್ಬಿತು. ಬುಧವಾರದ ಪ್ರಾರ್ಥನಾಕೂಟದಲ್ಲಿ ಸಭಾಪಾಲಕರೇ ಅವನ ಕೈ ಹಿಡಿದು, 'ಬೇರೆ ಮತದ ಸೋದರನಿಗಾಗಿ ನಿಂತಿರಂತೆ' ಎಂದರು. ಅಲ್ಲ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಹಾಡು ಶುರುವಾಯಿತು. ಹಾಡು ಶುರುವಾಗಲೆಂದು ಕಾದೇ ಬಾಯಿ ತೆರೆದಿದ್ದನೆಂದು ಅವನಿಗೆ ಗೊತ್ತಿತ್ತು.

ಕುತುಬುದ್ದೀನ ಮುಂಡರಗಿಗೆ ಹೋಗುವ ಹಿಂದಿನ ದಿನ, ಭಾನುವಾರ ಆರಾಧನೆ ಮುಗಿಸಿ, ಎಲೀಷ ಅವನ ಮನೆ ಹುಡುಕಿಕೊಂಡು ಹೋದ. ಬೆಟಗೇರಿಯಲ್ಲೇ, ಮಗ್ಗದ ಸದ್ದಿನ ಓಣಿಯ ತುದಿಗೆ. ಬಾಗಿಲು ತೆರೆದದ್ದು ಹೆಂಡತಿ ಸಾಬೀರಾ. ಹೆಸರು ಕೇಳಿದೊಡನೆ ಅವಳ ಮುಖದಲ್ಲಿ ಬೆಳಕಾಯಿತು. ಸೆರಗು ತಲೆಯ ಮೇಲೆಳೆದುಕೊಂಡು, 'ಬರ್ರಿ ಭಾಯ್, ಬರ್ರಿ, ಕುಂಡ್ರಿ. ನಿಮ್ಮ ಸುದ್ದೀನ ಮಾತಾಡಾಕತ್ತಿದ್ವಿ' ಎಂದಳು. ಮಗಳು ನೂರೀನ ಚಾಪೆಯ ಮೇಲೆ ಕೂತು ನಕಾಶೆಗೆ ಬಣ್ಣ ಹಚ್ಚುತ್ತಿದ್ದವಳು ಎದ್ದು ಕುರ್ಚಿ ಎಳೆದಳು. ಒಳಗಿನ ಕೋಣೆಯಿಂದ ಕುತುಬುದ್ದೀನ ಬಂದು ಗೋಡೆಗೊರಗಿ ನಿಂತ. ಕೂಡಲಿಲ್ಲ.

'ಇಷ್ಟ ಮಂದಿ ಇದ್ರು ಆಫೀಸಿನ್ಯಾಗ, ಯಾರರ ಒಂದು ಮಾತಾಡಿದ್ರೇನು?' ಸಾಬೀರಾ ಚಹಾದ ಬಟ್ಟಲು ಅವನ ಕೈಗಿಟ್ಟಳು. 'ಸಾಹೇಬರ ಮುಂದ ಹೋಗಿ, ತಪ್ಪು ನಂದು ಅಂದ್ರಂತ. ನಮ್ಮವರು ಯಾರೂ ಹಂಗ ಅನ್ನಲಿಲ್ಲ ಭಾಯ್. ಅಲ್ಲಾ ನಿಮ್ಮನ್ನ ಚಲೋ ಇಡಲಿ.'

ಬಟ್ಟಲಿನಲ್ಲಿ ಏಲಕ್ಕಿಯ ವಾಸನೆ ಬಂತು. ಎಲೀಷ ಗೋಡೆಯ ಕಡೆ ನೋಡಿದ. ಈಗ ಇವನು ಹೇಳಬಹುದು. ಇವನ ಮನೆ, ಇವನ ಹೆಂಡತಿ. ಕುತುಬುದ್ದೀನ ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ, 'ಚಹಾ ಕುಡೀರಿ, ಆರತೈತಿ' ಎಂದ. ಎಲೀಷ ಅರ್ಧ ಚಹಾ ಕುಡಿದ. ಬಟ್ಟಲನ್ನು ಕೆಳಗಿಟ್ಟು, 'ಅಕ್ಕಾರ, ಅದು ಹಂಗಲ್ರಿ' ಎಂದ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಹುಡುಗಿ ತಲೆಯೆತ್ತಿ ನೋಡಿದಳು. 'ಉಪಕಾರಕ್ಕಂತ ಅಂದ ಮಾತಲ್ರಿ ಅದು. ಖರೇನ ತಪ್ಪು ನಂದು. ಅರಿವಿ ನಂದು. ಅವತ್ತ ಎಲ್ಲಾರ ಮುಂದ ಕೇಳಿದಾಗ ನಾ ಸುಮ್ಮನಿದ್ದೆ. ಇವರಿಗೆ ಗೊತ್ತೈತಿ.'

ಸಾಬೀರಾ ಗಂಡನತ್ತ ತಿರುಗಿದಳು. ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅಷ್ಟು ಸಾಕಾಯಿತು. ಅವಳ ಮುಖದ ಬೆಳಕು ಹೋಗುವುದನ್ನು ಎಲೀಷ ಪೂರ್ತಿ ನೋಡಿದ. ನೋಡಲೇ ಬೇಕೆಂದು ಕಣ್ಣು ಕೀಳದೆ ನೋಡಿದ.  ಸಾಬೀರಾ ಬಗ್ಗಿ, ಅವನು ಅರ್ಧ ಕುಡಿದ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು.

ಓಣಿಯ ತಿರುವಿನವರೆಗೆ ಕುತುಬುದ್ದೀನ ಜೊತೆಗೆ ಬಂದ. ಭಾನುವಾರವಾದರೂ ಎಲ್ಲೋ ಒಂದು ಮಗ್ಗ ನಡೆಯುತ್ತಿತ್ತು.

'ಆಕಿ ಖುಷಿಯಾಗಿದ್ಲು. ಈ ಎಂಟ ದಿನದಾಗ ಅದೊಂದ ಇತ್ತು ಮನ್ಯಾಗ. ಹೇಳಬೇಕಾಗಿದ್ದಿಲ್ಲ ನೀವು' ಎಂದ. ಸ್ವಲ್ಪ ದೂರ ನಡೆದ ಮೇಲೆ, 'ಅಲ್ಲ, ಹೇಳಿದ್ದು ಚಲೋ ಆತು. ನಾನೂ ಸುಳ್ಳಿನ್ಯಾಗ ಪಾಲುದಾರ ಆಗಿದ್ದೆ' ಎಂದ.

'ನಾ ಮತ್ತೊಮ್ಮೆ ಸಾಹೇಬರಿಗೆ—'

'ನಿಮ್ಮ ದೇವರು ಟೈಮ್ ಕೇಳಂಗಿಲ್ಲಂದ್ರಿ, ನನಗ ಸಿಟ್ಟ ಬರಲಿಲ್ಲ. ಹೊಟ್ಟೀಪಾಡು, ಅಂದಾರ ಅಂದ್ಕೊಂಡೆ. ಆದ್ರ ದಿನಾ ಚಿಲಕಾ ಬೀಳೂದು ಕೇಳ್ತಿದ್ದೆ ನಾ. ಪ್ರಾರ್ಥನಾ ಅಂದ್ರ ಕಳವೇನ್ರಿ? ಯಾಕ ಅಷ್ಟು ನಾಚಿಕಿ ನಿಮಗ?' ಅವನ ದನಿಯಲ್ಲಿ ನಿಜವಾಗಿ ತಿಳಿದುಕೊಳ್ಳುವ ಕುತೂಹಲವಿತ್ತು. 'ಹೊರಗ ಕುಂತು ಮಾಡಿದ್ರ ನಾನೂ ಬಾಜೂಕ ಮಾಡ್ತಿದ್ದೆ. ಇಬ್ಬರನ್ನೂ ಏನು ಮಾಡ್ತಿದ್ರು?'

ಬಾಗಿಲು ಮುಚ್ಚಿಕೊಂಡು ಗುಟ್ಟಿನಲ್ಲಿ ಬೇಡಬೇಕೆಂಬ, ಚಿಕ್ಕಂದಿನಿಂದ ಕೇಳಿದ ಉಪದೇಶ ಎಲೀಷನ ನಾಲಿಗೆಯ ತುದಿಗೆ ಬಂತು. ಸರಿಯಾದ ಉಪದೇಶವೇ. ಅದನ್ನು ಹೇಳಿದ್ದರೆ ಆ ಹೊತ್ತಿಗೆ ಗೆದ್ದಂತಾಗುತ್ತಿತ್ತು. ನುಂಗಿಕೊಂಡ. 'ಗೊತ್ತಿಲ್ರಿ' ಎಂದ. ಕುತುಬುದ್ದೀನ ಕೈ ಕೊಡದೆ, ತಲೆಯಾಡಿಸಿ, ಮನೆಯ ಕಡೆ ತಿರುಗಿದ.

ಸೋಮವಾರ ಊಟದ ಹೊತ್ತಿಗೆ ಮೊದಲು ಎಲೀಷ ಮತ್ತೆ ಸಾಹೇಬರ ಮುಂದೆ ನಿಂತ. ಈ ಸಲ ಬಾಗಿಲು ತೆರೆದಿತ್ತು. ಹೊರಗೆ ಎಲ್ಲರೂ ಇದ್ದರು.

'ಸರ್, ದಿನಾ ಊಟದ ಹೊತ್ತಿನ್ಯಾಗ ನನಗ ಸ್ವಲ್ಪ ವೇಳೆ ಬೇಕ್ರಿ. ಪ್ರಾರ್ಥನಾಕ್ಕ. ಹಿಂದಿನ ಖೋಲ್ಯಾಗ ಕುಂಡ್ರತೀನಿ. ಮೊದಲೂ ಕುಂಡ್ರತಿದ್ದೆ. ನಮ್ಮ ದೇವರು ಟೈಮ್ ಕೇಳಂಗಿಲ್ಲ ಅಂದಿದ್ದು ಸುಳ್ರಿ. ಕೇಳ್ತಾನ.'

ಸಾಹೇಬರು ನಗಲು ಹೋದರು. ಅವನ ಮುಖ ನೋಡಿ ನಿಲ್ಲಿಸಿದರು. ಲೆಕ್ಕ ತಪ್ಪಿದ್ದನ್ನು ತಡವಾಗಿ ಕಂಡವರ ಹಾಗೆ ಅವರ ಹುಬ್ಬು ಕೂಡಿತು. 'ಹಂಗಾರ ಅವತ್ತ...'

'ಹೌದ್ರಿ.'

ಸಾಹೇಬರು ಮೇಜಿನ ಮೇಲಿನ ಕಾಗದವನ್ನು ಸರಿಪಡಿಸಿದರು. 'ಆದೇಶ ಹೋಗಿಬಿಟ್ಟೈತಿ. ಈಗ ಹಿಂದಕ್ಕ ತಗೊಂಡ್ರ ತಪ್ಪು ನಂದಾಗ್ತೈತಿ. ಈ ವರ್ಷದ ವರ್ಗಾವಣಿ ಬರೂತನಕ ಏನೂ ಮಾಡಾಕ ಬರಂಗಿಲ್ಲ.' ತಲೆಯೆತ್ತಲಿಲ್ಲ. 'ಊಟದ ಹೊತ್ತು ನಿಮ್ಮದು. ಏನರ ಮಾಡ್ಕೋರಿ, ಹೋಗ್ರಿ.' ಅಂದಿನಿಂದ ಅವರು ಅವನೊಡನೆ ಬೇಕಾದಷ್ಟೇ ಮಾತಾಡಿದರು. ಹೆಸರು ಹಿಡಿದು ಕರೆಯುವುದನ್ನೂ ಬಿಟ್ಟರು.

ಕೋಣೆಯ ಬಾಗಿಲನ್ನು ಅವನು ಹಾಗೇ ಬಿಟ್ಟ. ಹೊರಗಿನ ಮೇಜುಗಳಿಗೆ ಅವನು ಕೂಡುವ ಜಾಗ ನೇರ ಕಾಣುತ್ತಿತ್ತು. ಹಾಸಲು ಏನೂ ಇರಲಿಲ್ಲ. ಬರಿಯ ಗಚ್ಚಿನ ಮೇಲೆ ಮೊಣಕಾಲೂರಿದ. ಬೆನ್ನ ಮೇಲೆ ಎಲ್ಲರ ಕಣ್ಣೂ ಇದೆಯೆಂದು ಬೆನ್ನು ಉರಿಯಿತು. ಆಮೇಲೆ ಬುತ್ತಿ ಬಿಚ್ಚುವ, ರೊಟ್ಟಿ ಮುರಿಯುವ, ಯಾರೋ ಲಕ್ಷ್ಮೇಶ್ವರದ ಬಸ್ಸಿನ ಹೊತ್ತು ಕೇಳುವ ಸದ್ದು ಬಂತು. ಯಾರೂ ನೋಡುತ್ತಿರಲಿಲ್ಲ.  ಜೋಡಿಸಿಟ್ಟ ವಾಕ್ಯಗಳೆಲ್ಲ ಬಾಯಿಯಲ್ಲಿ ಬೂದಿಯಾದವು. ಸಾಬೀರಾ ಬಗ್ಗಿ ಬಟ್ಟಲು ಎತ್ತಿಕೊಂಡದ್ದು ಮಾತ್ರ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿತ್ತು. ಅದನ್ನೇ ಮುಂದಿಟ್ಟುಕೊಂಡು ಕೂತ. ಮೊಣಕಾಲು ನೋಯತೊಡಗಿದವು. ಏಳಲಿಲ್ಲ.

ಚಪ್ಪಲಿ ಎಳೆಯುತ್ತ ಯಾರೋ ಒಳಗೆ ಬಂದು ಅವನ ಪಕ್ಕದಲ್ಲೇ ನಿಂತರು. ಮಾಶಾಕ. ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುವ ಮುದುಕ, ಕಣ್ಣು ಮಂದ.

'ಏನ್ರಿ ಸರ, ಏನರ ಬಿದ್ದೈತೇನು? ನಾ ಹುಡುಕ್ಲೇನು?'

ಹೌದು ಎಂದರೆ ಮುಗಿಯುತ್ತಿತ್ತು. ಪೆನ್ನಿನ ಟೊಪ್ಪಿಗೆ, ಕಾಗದಕ್ಕೆ ಚುಚ್ಚುವ ಒಂದು ಟಾಚಣಿ. ಮಾಶಾಕ ನಂಬುತ್ತಿದ್ದ, ಇಬ್ಬರೂ ಬಗ್ಗಿ ಹುಡುಕುತ್ತಿದ್ದರು. ಕಿವಿಯವರೆಗೆ ಬಿಸಿಯಾಯಿತು.

'ಏನೂ ಬಿದ್ದಿಲ್ಲ ಮಾಶಾಕ. ಪ್ರಾರ್ಥನಾ ಮಾಡಾಕತ್ತೀನಿ.'

'ಹಂಗೇನು? ಮಾಡ್ರಿ, ಮಾಡ್ರಿ' ಎಂದ ಮಾಶಾಕ, ಮಳೆಯಾದೀತು ಎಂದರೆ ಆಗಲಿ ಎನ್ನುವವನ ಹಾಗೆ. 'ಈ ಡೋಣಿ ಹಳ್ಳೀ ಫೈಲ್ ಕೇಳ್ಯಾರ, ತಗೊಂಡ ಹೊಕ್ಕೀನಿ.' ಅವನ ಹೆಗಲ ಮೇಲೆ ಕೈಯೂರಿ, ಕಾಲು ದಾಟಿ, ಹಿಂದಿನ ಗಂಟನ್ನು ಬಿಚ್ಚತೊಡಗಿದ. ಧೂಳು ಇಬ್ಬರ ಮೇಲೂ ಬಿತ್ತು. ಎಲೀಷ ಸೀನಿದ, ಮತ್ತೆ ಕಣ್ಣು ಮುಚ್ಚಿದ.